ತಲೆಸುತ್ತು: ಕಿವಿಯದೋ, ಮಿದುಳಿನದೋ?

ಈ ಪುಟವನ್ನು ಕಣ್ಣಿನ ಮುಂದೆ ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗನೆ ಅಲುಗಿಸಿರಿ, ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಟವನ್ನು ಅಲುಗದಂತೆ ಹಿಡಿದು ತಲೆಯನ್ನೇ ಅಷ್ಟೇ ವೇಗದಿಂದ ಆಡಿಸಿರಿ. ಓದಲು ಅಡ್ಡಿಯೇ ಇಲ್ಲ! ಸಾಪೇಕ್ಷ ಚಲನೆ ಎರಡರಲ್ಲಿಯೂ ಒಂದೇ ಆಗಿರಲು ಈ ಭೇದವೇಕೆ?

ಉತ್ತರವಿರುವುದು ಕಿವಿಯಲ್ಲಿ. ಒಳಗಿವಿಯಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿರುವ, ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳುಂಟು. ನೀರು ತುಂಬಿದ ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ನೀರು ಹಿಂದುಳಿಯುತ್ತದೆ. ಜಡತ್ವದ ಈ ನಿಯಮವೇ ಇಲ್ಲಿಯೂ ನಡೆಯುತ್ತದೆ. ಹಿಂದುಳಿದ ದ್ರವವು ಸೂಕ್ಷ್ಮವಾದ ರೋಮಕೋಶಗಳನ್ನು ಬಾಗಿಸುತ್ತದೆ. ಆ ಸುದ್ದಿಯು ನರದ ಮೂಲಕ ಮಿದುಳಿನ ಕಾಂಡವನ್ನು ಸೇರಿ, ಅಲ್ಲಿಂದ ಕಣ್ಣಿನ ಸ್ನಾಯುಗಳನ್ನು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲದಲ್ಲಿ ಮುಟ್ಟುತ್ತದೆ. ತಲೆ ಬಲಕ್ಕೆ ಹೊರಳಿದಷ್ಟೇ ಕಣ್ಣು ಎಡಕ್ಕೆ ಹೊರಳಿ ನೋಟ ನಿಲ್ಲುತ್ತದೆ.

ಒಂದು ಕಿವಿಯ ಈ ನರಕ್ಕೆ ಉರಿಯೂತವುಂಟಾಯಿತೆನ್ನಿ. ಜಗತ್ತೇ ಗಿರ್ರನೆ ತಿರುಗಿದಂತಾಗಿ, ವಾಂತಿಯಾಗಿ, ರೋಗಿ ನಿಲ್ಲಲಾರದೆ ಮಲಗುತ್ತಾನೆ. ಕಷ್ಟವೇನೋ ಬಹಳ, ಪ್ರಾಣಭಯವಿಲ್ಲ. ಆದರೆ ಕಿರುಮಿದುಳಿಗೆ ರಕ್ತವನ್ನು ಒಯ್ಯುವ ನಾಳ ಕಟ್ಟಿಕೊಂಡರೂ ಇವೇ ಲಕ್ಷಣಗಳು! ಲಕ್ವವೆಂದರೆ ಬಾಯಿ ಸೊಟ್ಟಗಾಗಬೇಕು, ಕೈ ಬಿದ್ದುಹೋಗಬೇಕು ಎಂದೇ ತಿಳಿದಿರುವ ನಾವು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸಿಬಿಡುತ್ತೇವೆ. ಇಲ್ಲಿ ಕೈಕಾಲುಗಳ ಬಲ ಕುಂದದೆಯೂ ಇರಬಹುದು. ಊದಿಕೊಂಡ ಕಿರುಮಿದುಳು ಮಾತ್ರ ಮಿದುಳಿನ ಕಾಂಡವನ್ನು ಒತ್ತಿ ಪ್ರಾಣವನ್ನೇ ತೆಗೆಯಬಲ್ಲುದು.

ಇವೆರಡನ್ನು ಬೇರ್ಪಡಿಸುವುದು ಹೇಗೆ? 1988ರಲ್ಲಿ ಸಿಡ್ನಿಯ ಹಾಲ್ಮಾಗಿ ಮತ್ತು ಕರ್ಥಾಯ್ಸ್ ಒಂದು ಸರಳ ಪರೀಕ್ಷೆಯನ್ನು ವರ್ಣಿಸಿದರು. ರೋಗಿ ವೈದ್ಯರ ಮೂಗನ್ನೇ ದಿಟ್ಟಿಸುತ್ತಿರಬೇಕು. ವೈದ್ಯರು ಅವನ ತಲೆಯನ್ನು ಥಟ್ಟನೆ, ಸ್ವಲ್ಪವೇ ಹೊರಳಿಸುತ್ತಾರೆ. ದೋಷ ಕಿವಿಯಲ್ಲಿದ್ದರೆ ಕಣ್ಣು ತಲೆಯೊಡನೆಯೇ ಸಾಗಿ, ಮರುಕ್ಷಣ ಮೂಗಿನತ್ತ ಜಿಗಿಯುತ್ತದೆ. ಕಿರುಮಿದುಳಿನ ಆಘಾತದಲ್ಲಿ ಕಿವಿಯಿಂದ ಕಣ್ಣಿಗಿರುವ ದಾರಿ ಸಾಮಾನ್ಯವಾಗಿ ಕೆಡುವುದಿಲ್ಲವಾದ್ದರಿಂದ ನೋಟ ಕದಲದು. ವಿಚಿತ್ರವನ್ನು ಗಮನಿಸಿರಿ: ಬಿಡದೆ ತಲೆಸುತ್ತುತ್ತಿರುವವನಲ್ಲಿ ಪರೀಕ್ಷೆ ಸರಿಯಾಗಿ ಬಂದರೇ ಭಯ!

ಕಣ್ಣಾಲಿಗಳು ತಾವಾಗಿ ಮಿಡಿಯುವ ದಿಕ್ಕು ನೋಟದೊಡನೆ ಬದಲಾಗುವುದೇ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಅದು ಮೇಲಕ್ಕೋ ಕೆಳಕ್ಕೋ ಸರಿಯುವುದೇ ಎಂಬುದನ್ನೂ ನೋಡುತ್ತಾರೆ. ಇವು ಕಂಡರೂ ಸಂಶಯ ಮಿದುಳಿನ ಮೇಲೆಯೇ. 2009ರಲ್ಲಿ ಅಮೆರಿಕದ ಕಟ್ಟಾ ಮತ್ತು ಸಂಗಡಿಗರು 101 ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಈ ಮೂರು ಪರೀಕ್ಷೆಗಳ ಕಣ್ಣಿಗೆ ಒಂದು ಆಘಾತವೂ ತಪ್ಪಿರಲಿಲ್ಲ. ಮೊದಲು ತೆಗೆದ ಎಂ.ಆರ್.ಐ. ಚಿತ್ರಗಳಿಗೆ ಶೇಕಡ 12ರಷ್ಟು ತಪ್ಪಿಹೋಗಿದ್ದವು.

ಇದು ಪಳಗಿದ ಕೈಯ ಕೆಲಸ; ಮನೆಯಲ್ಲಿ ಮಾಡತಕ್ಕುದಲ್ಲ. ಒಳಗಿವಿಗೂ ರಕ್ತ ತಪ್ಪಿದ ಆಘಾತದಲ್ಲಿ ತಲೆ ಹೊರಳಿಸುವ ಪರೀಕ್ಷೆ ಕಿವಿಯ ದೋಷವನ್ನೇ ತೋರಿಸಿ ಮೋಸಗೊಳಿಸಬಹುದು. ಆಗ ಹಠಾತ್ತನೆ ಬಂದ ಕಿವುಡುತನವೇ ಸುಳಿವು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಕೊಡುವುದು ಲಕ್ಷಣ ತೋರಿದ ನಾಲ್ಕೂವರೆ ಗಂಟೆಗಳೊಳಗೆ.