ಎಂಜಿಬಿ ಇಂಜಿನ್: ಬಿಚ್ಚಿ ಕಟ್ಟುವಾಗ "ಸ್ವಲ್ಪ ಪವರ್" ಅಂದ್ರೆ ಎಷ್ಟು?

ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕವನ್ನ ಇಲ್ಲಿ ಮಾತಲ್ಲೇ ಬಿಡಿಸಿ ಹೇಳಿದ್ದೀನಿ. ನಿಧಾನವಾಗಿ ಓದಿಕೊಳ್ಳಿ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. ಅದರ 1798 ಸಿಸಿ ಇಂಜಿನ್ ನಮಗೆ ಪೂರ್ತಿ ಅಪರಿಚಿತ ಅಲ್ಲ. ಅದು ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು, ನಮ್ಮ ಹಳೆಯ ಪೆಟ್ರೋಲ್ ಅಂಬಾಸಡರ್‌ನ 1489 ಸಿಸಿ ಇಂಜಿನ್ನೂ ಅದೇ ಮನೆತನದ್ದು. ಎರಡರಲ್ಲೂ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಒಂದೇ, 88.9 ಮಿ.ಮೀ. ಎಂಜಿಬಿಯಲ್ಲಿ ಬೋರ್ ಮಾತ್ರ 80.26 ಮಿ.ಮೀ.ಗೆ ದೊಡ್ಡದಾಯ್ತು. ಊರಲ್ಲಿ ಅಂಬಾಸಡರ್ ಟ್ಯಾಪೆಟ್ ಸೆಟ್ ಮಾಡೋದನ್ನ ನಿಂತು ನೋಡಿದವರಿಗೆ ಎಂಜಿಬಿ ಬಾನೆಟ್ ಕೆಳಗೆ ನೆಂಟರ ಮುಖವೇ ಕಾಣುತ್ತೆ.

ಇಂಥ ಇಂಜಿನ್ ಬಿಚ್ಚಿದಾಗ "ಹೇಗೂ ಬಿಚ್ಚಿದ್ದೀವಿ, ಸ್ವಲ್ಪ ಪವರ್ ಜಾಸ್ತಿ ಮಾಡೋಣ" ಅನ್ನೋ ಆಸೆ ಸಹಜ. ಜನ ಮೊದಲು ಕೈ ಹಾಕೋದು ಬೋರ್‌ಗೆ. ಸವೆದ ಸಿಲಿಂಡರನ್ನ ಕೊರೆದು ದೊಡ್ಡ ಪಿಸ್ಟನ್ ಹಾಕಿದ್ರೆ ಸಿಸಿ ಹೆಚ್ಚುತ್ತೆ ಅಂತ ಲೆಕ್ಕ. ನೋಡೋಣ. ಇಂಚಿನ ಸಾವಿರ ಭಾಗದಲ್ಲಿ 30 ಭಾಗ ದೊಡ್ಡದು ಮಾಡಿದ್ರೆ ಸುಮಾರು 1833 ಸಿಸಿ ಆಗುತ್ತೆ, ಅಂದ್ರೆ ಶೇ. 2ರಷ್ಟು ಹೆಚ್ಚು. 60 ಭಾಗ ಅಂದ್ರೆ 1868, ಶೇ. 4 ಕೂಡ ದಾಟಲ್ಲ. ಡ್ರೈವರ್ ಸೀಟಲ್ಲಿ ಕೂತವರಿಗೆ ಇದು ಗೊತ್ತೂ ಆಗಲ್ಲ. ಆದ್ರೆ ಕೊರೆದ ಕಬ್ಬಿಣ ವಾಪಸ್ ಬರಲ್ಲ. 60 ಆದಮೇಲೆ ಮುಂದಿನ ರಿಪೇರಿಗೆ ಸಾಮಾನ್ಯವಾಗಿ ಸ್ಲೀವ್ ಹಾಕಿಸೋ ದಾರಿಯೇ ಉಳಿಯುತ್ತೆ. ಹಾಗಾಗಿ ಸವೆತ ಹೋಗಲು ಎಷ್ಟು ಬೇಕೋ ಅಷ್ಟೇ ಕೊರೆಸಿ. ಪಿಸ್ಟನ್ ಮೊದಲು ಕೈಗೆ ಬರಲಿ. ಅದನ್ನ ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಮೊದಲೇ ಬೋರ್ ಮಾಡಿ "ಪಿಸ್ಟನ್ ಆಮೇಲೆ ನೋಡೋಣ" ಅನ್ನೋ ಅಂಗಡಿಯಿಂದ ಬ್ಲಾಕ್ ಎತ್ತಿಕೊಂಡು ಬನ್ನಿ.

ಹಾಗಾದ್ರೆ ಪವರ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಉಸಿರಾಟದಲ್ಲಿ. ಈ ಇಂಜಿನ್ನಿಗೆ ನಾಲ್ಕು ಸಿಲಿಂಡರ್ ಇದ್ರೂ ಗಾಳಿ-ಪೆಟ್ರೋಲ್ ಒಳಗೆ ಹೋಗೋ ದಾರಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಉರಿಯುವ ಕ್ರಮ 1-3-4-2. ಅಂದ್ರೆ 2ನೇ ಸಿಲಿಂಡರ್ ಗಾಳಿ ಎಳೆದುಕೊಳ್ಳೋದು ಮುಗಿಯೋ ಹೊತ್ತಿಗೆ ಪಕ್ಕದ 1ನೆಯದು ಶುರು ಮಾಡುತ್ತೆ. ಅದಾದ ಮೇಲೆ ಆ ದಾರಿ ಬಹಳ ಹೊತ್ತು ಖಾಲಿ. ಅಪಾರ್ಟ್‌ಮೆಂಟಲ್ಲಿ ಒಂದೇ ಪೈಪಿನಿಂದ ಎರಡು ಮನೆಗೆ ನೀರು ಬರೋ ಹಾಗೆ: ಪಕ್ಕದವರು ನಲ್ಲಿ ತಿರುಗಿಸಿದ ಕೂಡಲೇ ನಮ್ಮ ಬಕೆಟ್‌ಗೆ ಬೀಳೋ ಧಾರೆ ಸಣ್ಣಗಾಗುತ್ತೆ.

ಬೋರ್ಡಿನ ಲೆಕ್ಕ ಇಲ್ಲಿಗೇ ಸಂಬಂಧಿಸಿದ್ದು. ಮಾಮೂಲಿ ಎಂಜಿಬಿ ಕ್ಯಾಮ್‌ಶಾಫ್ಟ್‌ನಲ್ಲಿ ಇನ್‌ಲೆಟ್ ವಾಲ್ವ್ ಕ್ರ್ಯಾಂಕಿನ 252 ಡಿಗ್ರಿ ತೆರೆದಿರುತ್ತೆ. ಪಕ್ಕದ ಸಿಲಿಂಡರಿನ ವಾಲ್ವ್ 180 ಡಿಗ್ರಿ ತಡವಾಗಿ ತೆರೆಯುತ್ತೆ. ಹಾಗಾಗಿ ಎರಡೂ ಒಟ್ಟಿಗೆ ತೆರೆದಿರೋದು 252 ಕಳೆ 180, ಅಂದ್ರೆ 72 ಡಿಗ್ರಿ. 270 ಡಿಗ್ರಿಯ ಕ್ಯಾಮ್ ಹಾಕಿದ್ರೆ ಅದು 90 ಆಗುತ್ತೆ. 300ರ ರೇಸ್ ಕ್ಯಾಮ್ ಹಾಕಿದ್ರೆ 120. ಅಷ್ಟು ಹೊತ್ತು ಒಬ್ಬರ ಪಾಲನ್ನ ಇನ್ನೊಬ್ಬರು ಕಿತ್ತುಕೊಳ್ತಾ ಇರ್ತಾರೆ. ಹೈ ಆರ್‌ಪಿಎಂನಲ್ಲಿ ಗಾಳಿಯ ವೇಗವೇ ಇದನ್ನ ಸ್ವಲ್ಪ ಮುಚ್ಚಿಹಾಕುತ್ತೆ. ಕಡಿಮೆ ಆರ್‌ಪಿಎಂನಲ್ಲಿ ಐಡ್ಲಿಂಗ್ ಕುಂಟುತ್ತೆ, ಸಿಗ್ನಲ್‌ನಲ್ಲಿ ಗಾಡಿ ನಡುಗುತ್ತೆ. ಈ ಇಂಜಿನ್ನಿನ ಅಂದ ಇರೋದೇ ಕೆಳಗಿನ ಎಳೆತದಲ್ಲಿ. ಅದನ್ನೇ ಕೊಟ್ಟು ಮೇಲಿನ ಓಟ ಕೊಳ್ಳೋದು ರಸ್ತೆಯ ಕಾರಿಗೆ ನಷ್ಟದ ವ್ಯಾಪಾರ. ನನ್ನ ಪ್ರಕಾರ 270ರ ಆಸುಪಾಸು ದಾಟಬೇಡಿ.

ದುಡ್ಡು ಹಾಕೋ ಜಾಗ ಹೆಡ್. ಹ್ಯಾರಿ ವೆಸ್ಲೇಕ್ ವಿನ್ಯಾಸದ, ಹೃದಯದ ಆಕಾರದ ಕಂಬಶ್ಚನ್ ಚೇಂಬರ್ ಇದರದ್ದು. ಪೋರ್ಟ್‌ಗಳನ್ನ ನುಣುಪು ಮಾಡಿ, ವಾಲ್ವ್ ಸೀಟಿನ ಹಿಂದಿನ ತಿರುವನ್ನ ತಿದ್ದಿದ್ರೆ ಕ್ಯಾಮ್ ಬದಲಿಸದೆಯೂ ವ್ಯತ್ಯಾಸ ಕಾಣುತ್ತೆ. ಕಂಪ್ರೆಷನ್ 8.8ರಿಂದ 9.5ರ ಹತ್ತಿರ ಏರಿಸಿದ್ರೆ ಸಾಕು. ಜೋಡಿ ಎಸ್‌ಯು ಕಾರ್ಬ್ಯುರೇಟರ್ ಇದ್ರೆ ಅವನ್ನೇ ಇಟ್ಟುಕೊಳ್ಳಿ, ನೀಡಲ್ ಮಾತ್ರ ಹೊಸ ಹಸಿವಿಗೆ ತಕ್ಕಂತೆ ಬದಲಿಸಿ. ಹೆಡ್ ಮೆಷಿನ್ ಶಾಪ್‌ನಲ್ಲಿ ಇರುವಾಗಲೇ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಹಾಕಿಸಿ. ಹಳೆಯ ಪೆಟ್ರೋಲ್‌ನಲ್ಲಿದ್ದ ಸೀಸ ವಾಲ್ವಿಗೂ ಸೀಟಿಗೂ ನಡುವೆ ಮೆತ್ತೆಯ ಹಾಗಿತ್ತು. ಈಗಿನ ಪೆಟ್ರೋಲ್‌ನಲ್ಲಿ ಸೀಸ ಇಲ್ಲ, ಹಾಗಾಗಿ ಮೆತ್ತಗಿನ ಕಬ್ಬಿಣದ ಸೀಟ್ ಸವೆದು ವಾಲ್ವ್ ಒಳಗೆ ಇಳಿಯುತ್ತಾ ಹೋಗುತ್ತೆ. ಎಥನಾಲ್ ಬೆರೆತ ಪೆಟ್ರೋಲ್‌ಗೆ ರಬ್ಬರ್ ಪೈಪುಗಳೂ ಬದಲಾಗಬೇಕು.

ಬ್ಲಾಕ್ ಆಯ್ಕೆ ನಿಮ್ಮ ಕೈಲಿದ್ರೆ 1964ರ ಕೊನೆಯ ನಂತರದ್ದು ನೋಡಿ. ಆಗ ಕ್ರ್ಯಾಂಕಿಗೆ ಮೂರರ ಬದಲು ಐದು ಮೇನ್ ಬೇರಿಂಗ್ ಬಂತು. ತೊಳೆಯೋ ಮುಂಚೆ ಆಯಿಲ್ ದಾರಿಯ ಪ್ಲಗ್‌ಗಳನ್ನೆಲ್ಲ ತೆಗೀರಿ. ನೀರಿನ ಜಾಗದಲ್ಲಿ, ಅದರಲ್ಲೂ ಹಿಂದಿನ 4ನೇ ಸಿಲಿಂಡರ್ ಸುತ್ತ, ವರ್ಷಗಳ ತುಕ್ಕು ಕೆಸರಾಗಿ ಕೂತಿರುತ್ತೆ. ಅದನ್ನ ಕೆರೆದು ತೆಗೀದೆ ಹೊಸ ರೇಡಿಯೇಟರ್ ಹಾಕಿ ಪ್ರಯೋಜನ ಇಲ್ಲ.

ಕೊನೆಗೆ, ಮೊದಲ ಸ್ಟಾರ್ಟ್. ತಿಂಗಳುಗಟ್ಟಲೆ ಮಾಡಿದ ಕೆಲಸ ಇಪ್ಪತ್ತು ನಿಮಿಷದಲ್ಲಿ ಹಾಳಾಗೋದು ಇಲ್ಲೇ. ಈ ಇಂಜಿನ್ನಿನ ಟ್ಯಾಪೆಟ್ ತಳ ಚಪ್ಪಟೆ, ಅದು ಕ್ಯಾಮ್ ಮೇಲೆ ನೇರವಾಗಿ ಉಜ್ಜುತ್ತೆ. ಕ್ಯಾಮ್ ಹೊಸದಾದ್ರೆ ಟ್ಯಾಪೆಟ್ಟೂ ಹೊಸದೇ ಬೇಕು, ಹಳೇದನ್ನ ಉಳಿಸಬೇಡಿ. ಜೋಡಿಸುವಾಗ ಕ್ಯಾಮ್‌ಗೆ ಅಸೆಂಬ್ಲಿ ಪೇಸ್ಟ್ ಬಳಿಯಿರಿ. ಆಯಿಲ್ 20ಡಬ್ಲ್ಯೂ-50, ಸತುವಿನ ಅಂಶ ಚೆನ್ನಾಗಿರೋದು. ಸ್ಪಾರ್ಕ್ ಪ್ಲಗ್ ತೆಗೆದು, ಗೇಜ್‌ನಲ್ಲಿ ಆಯಿಲ್ ಪ್ರೆಷರ್ ಕಾಣೋವರೆಗೂ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಕಾರ್ಬ್ಯುರೇಟರ್ ತುಂಬಿಸಿ, ಟೈಮಿಂಗ್ ಸರಿಯಿಟ್ಟು, ಒಂದೇ ಸಲಕ್ಕೆ ಹಿಡಿಯೋ ಹಾಗೆ ಮಾಡಿ. ಹಿಡಿದ ಕೂಡಲೇ 2000ದಿಂದ 2500 ಆರ್‌ಪಿಎಂ, ಇಪ್ಪತ್ತು ನಿಮಿಷ. ಐಡ್ಲಿಂಗ್‌ಗೆ ಬಿಡಬೇಡಿ. ಸದ್ದು ಕೇಳಿಸಿಕೊಳ್ಳೋ ಆಸೆಗೆ ಮನೆಯವರು ಬಂದು "ಸ್ವಲ್ಪ ಮೆಲ್ಲಗೆ ಬಿಡಿ, ಪಕ್ಕದವರು ಏನಂದಾರು" ಅಂದ್ರೂ ಕಾಲು ಎತ್ತಬೇಡಿ. ಕಡಿಮೆ ಆರ್‌ಪಿಎಂನಲ್ಲಿ ಕ್ಯಾಮ್‌ಗೆ ಸಿಡಿಯೋ ಆಯಿಲ್ ಸಾಲಲ್ಲ. ನೀರು ಕುದಿ ಹತ್ತಿದ್ರೆ ಅಥವಾ ಪ್ರೆಷರ್ ಬಿದ್ರೆ ಮಾತ್ರ ಆಫ್ ಮಾಡಿ.

ಆಮೇಲೆ ಪೂರ್ತಿ ತಣ್ಣಗಾಗಲಿ. ಹೆಡ್ ನಟ್‌ಗಳನ್ನ ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿ, ಟ್ಯಾಪೆಟ್ ಗ್ಯಾಪ್ ಮತ್ತೆ ಸೆಟ್ ಮಾಡಿ, ಆಯಿಲ್ ಇಳಿಸಿ. ಫಿಲ್ಟರ್ ಹಾಗೇ ಎಸೀಬೇಡಿ, ಕುಯ್ದು ಬಿಚ್ಚಿ ಕಾಗದದ ಮಡಿಕೆಗಳನ್ನ ಬೆಳಕಿಗೆ ಹಿಡೀರಿ. ನುಣ್ಣನೆ ಬೂದುಬಣ್ಣದ ಪುಡಿ ಸ್ವಲ್ಪ ಇದ್ರೆ ಸರಿ. ಕಣ್ಣಿಗೆ ಕಾಣೋ ಹೊಳೆಯೋ ಚೂರು ಸಿಕ್ಕಿದ್ರೆ ಗಾಡಿ ರಸ್ತೆಗೆ ಇಳಿಸೋ ಮುಂಚೆ ಕ್ಯಾಮ್ ನೋಡಲೇಬೇಕು.