ಎಸರಿಗೆ ಬಿದ್ದ ಜೋಳದ ಹಿಟ್ಟು

ಗೋಧಿ ಹಿಟ್ಟನ್ನು ತಣ್ಣೀರಲ್ಲಿ ನಾದಿದರೂ ನಡೆಯುತ್ತದೆ, ಬಿಳಿಜೋಳದ ಹಿಟ್ಟಿಗೆ ಎಸರೇ ಬೇಕು. ಚಿಗಟೇರಿಯ ನಮ್ಮ ಮನೆಗೆ ಬಂದ ಸೊಸೆಯಂದಿರಿಗೆಲ್ಲ ಅವ್ವ ಹೇಳಿಕೊಟ್ಟಿದ್ದು ಅದನ್ನೇ: "ಎಸರು ಮಳ್ಳದಿದ್ರೆ ರೊಟ್ಟಿ ಹರೀತೈತಿ." ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಪಿಷ್ಟದ ಪಾಠವನ್ನು ಈ ಮಾತಿನಿಂದಲೇ ಶುರುಮಾಡುತ್ತೇನೆ. ಗ್ಲೂಕೋಸಿನ ಷಡ್ಭುಜಗಳ ಚಿತ್ರದಿಂದ ಶುರುಮಾಡಿದರೆ ಅದು ತಮ್ಮ ತಟ್ಟೆಯ ಸಂಗತಿ ಎಂದು ಮಕ್ಕಳಿಗೆ ಅನ್ನಿಸುವುದೇ ಇಲ್ಲ.

ಗೋಧಿಯಲ್ಲಿ ನಾದಿದಷ್ಟೂ ಹಿಗ್ಗುವ ಗ್ಲುಟೆನ್ ಇದೆ. ಜೋಳದಲ್ಲಿಲ್ಲ. ಹಾಗಾಗಿ ರೊಟ್ಟಿಯನ್ನು ಹಿಡಿದಿಡುವ ಕೆಲಸ ಪಿಷ್ಟದ್ದು. ಪಿಷ್ಟದೊಳಗೆ ಇಬ್ಬರಿದ್ದಾರೆ, ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಎರಡೂ ಬರೀ ಗ್ಲೂಕೋಸಿನಿಂದಾದವು. ಒಂದು ಗ್ಲೂಕೋಸಿನ 1ನೇ ಇಂಗಾಲ ಮುಂದಿನದರ 4ನೇ ಇಂಗಾಲಕ್ಕೆ ಆಮ್ಲಜನಕದ ಮೂಲಕ ಕೂಡುತ್ತ ಹೋದರೆ ಅಮೈಲೋಸ್. ಕವಲುಗಳು ತೀರ ಕಡಿಮೆ. ಅದು ಸುತ್ತಿಗೆ ಸುಮಾರು 6 ಗ್ಲೂಕೋಸಿನಂತೆ ಸುರುಳಿಯಾಗುತ್ತದೆ. ಗಂಜಿಗೆ ಅಯೋಡಿನ್ ಹಾಕಿದಾಗ ಕಾಣುವ ನೀಲಿ, ಆ ಸುರುಳಿಯೊಳಗೆ ಅಯೋಡಿನ್ ಹೊಕ್ಕಿದ್ದರಿಂದ. ಬಿಸಿ ಮಾಡಿದರೆ ನೀಲಿ ಮಾಯ, ಆರಿದರೆ ಮತ್ತೆ ಹಾಜರು! ಅಮೈಲೋಪೆಕ್ಟಿನ್ ಜಾಲಿಗಿಡದ ಹಾಗೆ: ಸರಾಸರಿ 24ರಿಂದ 30 ಗ್ಲೂಕೋಸಿಗೊಂದು ಕವಲು, ಆ ಕವಲು ಒಡೆಯುವುದು 6ನೇ ಇಂಗಾಲದಲ್ಲಿ. ಸಾಮಾನ್ಯ ಜೋಳದ ಪಿಷ್ಟದಲ್ಲಿ ಸರಿಸುಮಾರು ಮುಕ್ಕಾಲು ಪಾಲು ಇದೇ.

ಎತ್ತು ತಿನ್ನುವ ಸೊಪ್ಪೆಯಲ್ಲಿರುವ ಸೆಲ್ಯುಲೋಸೂ ಗ್ಲೂಕೋಸೇ, 1–4 ಕೊಂಡಿಯೇ. ಆದರೆ ಪಿಷ್ಟದ ಕೊಂಡಿ ಆಲ್ಫಾ, ಸೆಲ್ಯುಲೋಸಿನದು ಬೀಟಾ. ಕೊಂಡಿ ಕೂಡುವ ದಿಕ್ಕು ಬೇರೆ. ಅಷ್ಟು ವ್ಯತ್ಯಾಸಕ್ಕೆ ನಮ್ಮ ಜೊಲ್ಲಿನ ಅಮೈಲೇಸ್ ಸೊಪ್ಪೆಯ ಮುಂದೆ ಸೋಲುತ್ತದೆ. ಎತ್ತಿಗೂ ಅದನ್ನು ಒಡೆದುಕೊಡುವುದು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ. ಒಂದೇ ದಂಟಿನ ಕಾಳು ಮನುಷ್ಯನಿಗೆ, ಸೊಪ್ಪೆ ದನಕ್ಕೆ ಹಂಚಿಹೋಗಿರುವ ಕಾರಣ ಇಷ್ಟು ಚಿಕ್ಕದೆಂಬುದು ನನಗೆ ಇವತ್ತಿಗೂ ಬೆರಗು.

ಹಸಿ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಬಿಗಿಯಾಗಿರುತ್ತವೆ, ತಣ್ಣೀರಿಗೆ ಜಗ್ಗುವುದಿಲ್ಲ. ಸುಮಾರು 70 ಡಿಗ್ರಿ ದಾಟಿದ ಎಸರು ತಾಗಿದರೆ ನೀರು ಕುಡಿದು ಉಬ್ಬುತ್ತವೆ, ಅಮೈಲೋಸ್ ಹೊರಗೆ ಒಸರುತ್ತದೆ. ಹಿಟ್ಟಿಗೆ ಬರುವ ಜಿಗಿ ಇದೇ. ಎಸರು ಆರಿಹೋಗಿದ್ದರೆ ಬಡಿಯುವಾಗಲೇ ಅಂಚು ಸೀಳುತ್ತದೆ.

ತಂಗಳ ರೊಟ್ಟಿ ಬಿರುಸಾಗುವುದಕ್ಕೆ ಒಣಗಿದ್ದೊಂದೇ ಕಾರಣವಲ್ಲ. ಬಿಡಿಸಿಕೊಂಡಿದ್ದ ಸರಪಣಿಗಳು ಆರುತ್ತಲೇ ಮತ್ತೆ ಪಕ್ಕಪಕ್ಕ ಜೋಡಿಕೊಳ್ಳುತ್ತವೆ. ಅಮೈಲೋಸ್ ಕೆಲವೇ ತಾಸಿನಲ್ಲಿ, ಅಮೈಲೋಪೆಕ್ಟಿನ್ ದಿನಗಟ್ಟಲೆ ತೆಗೆದುಕೊಂಡು. ಹೆಂಚಿನ ಮೇಲೆ ಚೂರು ನೀರು ಚಿಮುಕಿಸಿ ಕಾಯಿಸಿದರೆ ಅಮೈಲೋಪೆಕ್ಟಿನ್ ಸಡಿಲವಾಗಿ ರೊಟ್ಟಿ ಮೆತ್ತಗಾಗುತ್ತದೆ. ಅಮೈಲೋಸಿನ ಹಿಡಿತ ಬಿಡಿಸಲು ಆ ಕಾವು ಸಾಲದು. ಖಡಕ್ ರೊಟ್ಟಿಯಲ್ಲಾದರೆ ಸರಪಣಿಗಳು ಕದಲಲು ಬೇಕಾದ ನೀರನ್ನೇ ಒಣಗಿಸಿ ತೆಗೆದಿರುತ್ತಾರೆ.