ಯಕ್ಷಿಣಿಗಾರನ ಮುಂದೆ ಹೊಸಬರ ಆಟ

ನಮ್ಮ ಬಾಲಕಿಯರಲ್ಲಿ ಹಲವರಿಗೆ ಯಕ್ಷಿಣಿಯ ಆಟಗಳಲ್ಲಿ ಬಹಳ ಅಕ್ಕರೆಯುಂಟು. ಅಂಗೈಯೊಳಗಿನ ನಾಣ್ಯವನ್ನು ಮಾಯಮಾಡುವುದು, ಕತ್ತರಿಸಿದ ದಾರವನ್ನು ಕೂಡಿಸುವುದು, ಒಬ್ಬರು ನೋಡಿ ಇಟ್ಟ ಇಸ್ಪೀಟೆಲೆಯನ್ನು ಕಟ್ಟಿನೊಳಗಿನಿಂದ ಹುಡುಕಿ ತೆಗೆಯುವುದು, ಇವೇ ಮೊದಲಾದುವನ್ನು ಮೊಬೈಲು ಫೋನಿನಲ್ಲಿ ನೋಡಿ ಕಲಿತುಕೊಂಡು, ವಿರಾಮದ ವೇಳೆಯಲ್ಲಿ ಒಬ್ಬರಿಗೊಬ್ಬರು ತೋರಿಸಿ ಸಂತೋಷಪಡುವರು. ಇದರಲ್ಲಿ ಯಾವ ದೋಷವನ್ನೂ ನಾವು ಕಾಣೆವು. ಆದರೆ ಜಯನಗರ, ಬನಶಂಕರಿ ಮುಂತಾದ ನಮ್ಮ ಬಡಾವಣೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಯಕ್ಷಿಣಿಗಾರರನ್ನು ಕರೆಯಿಸುವ ವಾಡಿಕೆ ಇರುವುದರಿಂದ ಒಂದು ಇಕ್ಕಟ್ಟಿನ ಸಂದರ್ಭವು ಆಗಾಗ ಒದಗುವುದುಂಟು. ಆಟವೆಲ್ಲ ಮುಗಿದು ಯಕ್ಷಿಣಿಗಾರನು ತನ್ನ ಪೆಟ್ಟಿಗೆಯನ್ನು ಕಟ್ಟುತ್ತಿರುವಾಗ, ಮನೆಯ ತಾಯಿಯು ಮಗಳನ್ನು ಮುಂದಕ್ಕೆ ತಳ್ಳಿ, “ನಿನಗೂ ಬರುತ್ತದಲ್ಲೇ, ಅಂಕಲ್‌ಗೆ ತೋರಿಸು” ಎನ್ನುವಳು. ಹುಡುಗಿಯ ಕೈ ನಡುಗುವುದು. ಎದುರಿಗೆ ನಿಂತವನು ಅದೇ ಆಟವನ್ನು ಸಾವಿರ ಸಲ ಆಡಿ ಹೊಟ್ಟೆಹೊರೆದವನು. ಈಗ ಅವನು ಹೇಗೆ ನಡೆದುಕೊಳ್ಳತಕ್ಕದ್ದು? ಅವನ ನಡತೆಯಿಂದ ಹುಡುಗಿಯು ಏನನ್ನು ತಿಳಿದುಕೊಳ್ಳಬೇಕು? ಇದನ್ನು ಕುರಿತು ಕೆಲವು ಮಾತುಗಳನ್ನು ಬರೆಯುವುದು ಅನುಚಿತವಾಗಲಾರದೆಂದು ಎಣಿಸುತ್ತೇವೆ.

ಕನ್ನಡನಾಡಿಗೆ ಈ ವಿದ್ಯೆಯು ಹೊಸದಲ್ಲ. ಯಕ್ಷಿಣಿ, ಇಂದ್ರಜಾಲ, ಗಾರುಡಿ, ಕೈಚಳಕ, ಕಣ್ಕಟ್ಟು ಎಂದು ಇದಕ್ಕೆ ಎಷ್ಟೋ ಹೆಸರುಗಳುಂಟು. ಇವುಗಳಲ್ಲಿ ಕಣ್ಕಟ್ಟು ಎಂಬ ಮಾತೇ ನಮಗೆ ಎಲ್ಲಕ್ಕಿಂತ ಒಪ್ಪುವುದು. ಕೆಲಸವೆಲ್ಲ ನಡೆಯುವುದು ನೋಡುವವರ ಕಣ್ಣಿನ ಮೇಲೆಂಬುದನ್ನು ಅದು ಒಂದೇ ಪದದಲ್ಲಿ ಹೇಳಿಬಿಡುವುದು. ಯಕ್ಷಿಣಿಗಾರನಿಗೆ ಯಕ್ಷಿಣಿಗಾರನೇ ಎದುರಾಗುವ ಮೋಡಿಯೆಂಬ ಪಂದ್ಯವೂ ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿದ್ದಿತು. ಒಬ್ಬನು ಒಂದು ವಸ್ತುವನ್ನು ನೆಲದ ಮೇಲಿರಿಸಿ, ಸಾಮರ್ಥ್ಯವಿದ್ದರೆ ಎತ್ತೆಂದು ಸವಾಲು ಹಾಕುವನು. ಇನ್ನೊಬ್ಬನು ಅದನ್ನು ಎತ್ತಹೋಗಿ, ಕಾಣದ ಕೈಯೊಂದು ತಡೆದಂತೆ ಬೀಳುವನು, ಏಳುವನು, ಮತ್ತೆ ಮುನ್ನುಗ್ಗುವನು. ಊರೆಲ್ಲ ನೆರೆದು ನೋಡುತ್ತಿರುವಾಗ ಒಬ್ಬನು ಗೆಲ್ಲಬೇಕು, ಮತ್ತೊಬ್ಬನು ಸೋಲಬೇಕು. ನೋಡುವುದಕ್ಕೆ ಸೊಗಸಾದ ಆಟವೇ ಸರಿ. ಆದರೆ ಸಮಾನರಾದ ಇಬ್ಬರ ನಡುವಣ ಈ ಹುರುಡನ್ನು ಹನ್ನೆರಡು ವರ್ಷದ ಮಗುವಿನ ಮುಂದೆ ಹೂಡುವುದು ಸಲ್ಲದು.

ಹೂಡುವವರು ಇಲ್ಲವೆಂದಲ್ಲ. ಹುಡುಗಿಯು ಕಟ್ಟನ್ನು ಕೈಗೆ ತೆಗೆದುಕೊಂಡೊಡನೆ, “ಓಹೋ, ಇದು ನನಗೆ ಗೊತ್ತು” ಎನ್ನುವವರುಂಟು. ಆಟದ ನಡುವೆ, “ಎಡಗೈ ತೆರೆ ನೋಡೋಣ” ಎಂದು ಕೇಳಿ ನಗುವವರುಂಟು. ಎಲೆಗಳನ್ನು ಅವಳ ಕೈಯಿಂದಲೇ ತೆಗೆದುಕೊಂಡು, ಅದೇ ಆಟವನ್ನು ಅವಳಿಗಿಂತ ಹತ್ತುಪಾಲು ಸೊಗಸಾಗಿ ಆಡಿ, ಚಪ್ಪಾಳೆಯನ್ನು ತಾವೇ ಪಡೆಯುವವರೂ ಉಂಟು. ಈ ಮೂರನೆಯದೇ ಬಹಳ ಕ್ರೂರವೆಂದು ನಮ್ಮ ಅಭಿಪ್ರಾಯ. ಮೊದಲಿನವನು ಬಾಯಿಹರುಕನೆಂದು ಯಾರಾದರೂ ಗದರಿಸಬಹುದು. ಇವನನ್ನಾದರೋ ಎಲ್ಲರೂ ಮೆಚ್ಚುವರು, ಹುಡುಗಿಯು ಮಾತ್ರ ಎಲೆಗಳನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿಬಿಡುವಳು.

ನುರಿತವರು ಆಟವನ್ನು ಹೇಗೆ ನೋಡುವರೆಂಬುದನ್ನು ಸ್ವಲ್ಪ ವಿವರಿಸುವೆವು. ಸಾಮಾನ್ಯರು ಆಟಗಾರನ ಮುಖವನ್ನು ನೋಡುವರು, ಅವನು ನೋಡಿದ ಕಡೆಗೆ ತಾವೂ ನೋಡುವರು. ಗುಸ್ತಾವ್ ಕುನ್, ಮೈಕಲ್ ಲ್ಯಾಂಡ್ ಎಂಬಿಬ್ಬರು ವಿದ್ವಾಂಸರು 2006ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಆಟಗಾರನು ಒಂದು ಚೆಂಡನ್ನು ಎರಡು ಸಲ ನಿಜವಾಗಿ ಮೇಲಕ್ಕೆಸೆದು ಹಿಡಿಯುವನು. ಮೂರನೆಯ ಸಲ ಎಸೆದಂತೆ ಕೈಯನ್ನಾಡಿಸಿ ಚೆಂಡನ್ನು ಅಂಗೈಯಲ್ಲಿಯೇ ಉಳಿಸಿಕೊಳ್ಳುವನು. ಆಗ ಅವನ ದೃಷ್ಟಿಯೂ ಮೇಲಕ್ಕೇರಿದರೆ, ನೋಡುವವರಲ್ಲಿ ನೂರಕ್ಕೆ 68 ಮಂದಿ ಚೆಂಡು ಮೇಲೆ ಹೋದುದನ್ನು ಕಣ್ಣಾರೆ ಕಂಡೆವೆಂದರು. ದೃಷ್ಟಿಯು ಕೈಯ ಮೇಲೆಯೇ ನಿಂತರೆ ಹಾಗೆಂದವರು ನೂರಕ್ಕೆ 32 ಮಂದಿ ಮಾತ್ರ. ಇಲ್ಲದ ಚೆಂಡನ್ನು ಜನರು ಕಂಡುದು ಆಟಗಾರನ ಕಣ್ಣನ್ನು ನಂಬಿ. ಇದಕ್ಕೆ ನೂರು ವರ್ಷಗಳಿಗೂ ಮೊದಲು, 1900ರಲ್ಲಿ, ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು ಶಾಲೆಯ ಮಕ್ಕಳ ಮುಂದೆ ಇಂತಹದೇ ಆಟವನ್ನಾಡಿ ತೋರಿಸಿದ್ದರು; ಅಲ್ಲಿಯೂ ಹೆಚ್ಚುಕಡಮೆ ಅರ್ಧ ಮಕ್ಕಳು ಹೋಗದ ಚೆಂಡನ್ನು ಹೋಗಿತೆಂದರು.

ಯಕ್ಷಿಣಿಗಾರನು ಮುಖವನ್ನು ನೋಡುವುದಿಲ್ಲ. ಏನೂ ನಡೆಯುತ್ತಿಲ್ಲವೆಂದು ತೋರುವ ಕೈಯನ್ನು ನೋಡುವನು. ಹೆಬ್ಬೆರಳು ಬಿಗಿದಿದೆಯೇ, ಬರಿದೆಂದು ಹೇಳುವ ಅಂಗೈಯು ಸಡಿಲವಾಗಿದೆಯೇ, ಮಾತು ಯಾವ ಗಳಿಗೆಯಲ್ಲಿ ತಡವರಿಸಿತು ಎಂಬುದೆಲ್ಲ ಅವನಿಗೆ ತಾನಾಗಿ ಕಾಣುವುದು. ಆದುದರಿಂದ ಹೊಸಬಳು ಅವನನ್ನು ಏಮಾರಿಸಲಿಲ್ಲವೆಂದು ನಾಚಬೇಕಾದುದಿಲ್ಲ. ಅಡಿಗೆ ಬಲ್ಲವಳು ಸಾರಿನ ವಾಸನೆಯಿಂದಲೇ ಉಪ್ಪು ಕಡಮೆಯೆನ್ನುವಂತೆ, ಇದೂ ಒಂದು ಅಭ್ಯಾಸ.

ಆದರೆ ಬಲ್ಲವನೆಂಬ ಹೆಮ್ಮೆಯೇ ಕಣ್ಣಿಗೆ ಪೊರೆಯಾಗುವುದೂ ಉಂಟು. ಇದಕ್ಕೆ ಯಕ್ಷಿಣಿಗಾರರ ಲೋಕದಲ್ಲೆಲ್ಲ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಸರಪಳಿ, ಬೀಗ, ಸೆರೆಮನೆ ಯಾವುದರಿಂದಲೂ ಬಿಡಿಸಿಕೊಳ್ಳುವನೆಂದು ಹೆಸರಾದ ಹ್ಯಾರಿ ಹುಡೀನಿಯು, ಯಾವ ಇಸ್ಪೀಟಿನ ಆಟವನ್ನೇ ಆಗಲಿ ಮೂರು ಸಲ ತೋರಿಸಿದರೆ ಅದರ ಗುಟ್ಟನ್ನು ಹೇಳಬಲ್ಲೆನೆಂದು ಸಾರುತ್ತಿದ್ದನು. 1922ರ ಫೆಬ್ರವರಿಯಲ್ಲಿ ಶಿಕಾಗೋ ನಗರದ ಹೋಟೆಲೊಂದರಲ್ಲಿ ಅವನ ಗೌರವಾರ್ಥವಾಗಿ ಔತಣ ನಡೆಯಿತು. ಅಲ್ಲಿಗೆ ಡೈ ವರ್ನನ್ ಎಂಬ 27 ವರ್ಷದ ತರುಣನು ಬಂದಿದ್ದನು. ಕಪ್ಪು ಕಾಗದದಲ್ಲಿ ಜನರ ಮುಖದ ಆಕಾರವನ್ನು ಕತ್ತರಿಸಿಕೊಟ್ಟು ಜೀವನ ಮಾಡುತ್ತಿದ್ದವನು. ಎಲೆಗಳೆಂದರೆ ಬಾಲ್ಯದಿಂದಲೂ ಹುಚ್ಚು. ಅವನು ಹುಡೀನಿಯಿಂದ ಒಂದು ಎಲೆಯನ್ನು ಆರಿಸಿ, ಅದರ ಮೇಲೆ ಹೆಸರಿನ ಮೊದಲಕ್ಷರಗಳನ್ನು ಬರೆಯಿಸಿದನು. ಆ ಎಲೆಯನ್ನು ಕಟ್ಟಿನ ಮೇಲಿನಿಂದ ಎರಡನೆಯದಾಗಿ ಇರಿಸಿದನು. ಮೇಲಿನ ಎಲೆಯನ್ನು ತಿರುಗಿಸಿದರೆ, ಅದೇ ಹುಡೀನಿಯ ಎಲೆ! ಮತ್ತೊಮ್ಮೆ ತೋರಿಸೆಂದು ಹುಡೀನಿ ಕೇಳಿದನು. ಮೂರು ಸಲವಾಯಿತು. ಏಳು ಸಲವಾಯಿತೆಂದು ಹೇಳುವರು. ಇನ್ನೊಂದು ಎಲೆ ಅಡಗಿದೆಯೆಂದು ವಾದಿಸಿ, ತನ್ನ ಕೈಬರಹವೇ ಅದರ ಮೇಲಿರುವುದನ್ನು ಕಂಡು ಸುಮ್ಮನಾದನಂತೆ. ಕೊನೆಗೆ ಅವನ ಹೆಂಡತಿಯೇ, ಸೋತುದನ್ನು ಒಪ್ಪಿಕೊಳ್ಳೆಂದು ಹೇಳಬೇಕಾಯಿತಂತೆ.

ಗುಟ್ಟೇನೆಂದು ನಮ್ಮ ಬಾಲಕಿಯರು ಕೇಳುವರು, ಹೇಳುವುದಿಲ್ಲ. ಇಲ್ಲಿ ನೋಡತಕ್ಕದ್ದು ಹುಡೀನಿಯ ನಡತೆಯನ್ನು. ಅವನು ಆಟವನ್ನು ನೋಡಲಿಲ್ಲ, ತನ್ನ ಮಾತನ್ನು ಕಾಯುತ್ತ ಕುಳಿತನು. ವರ್ನನ್ನನಾದರೋ 1992ರಲ್ಲಿ ತೀರಿಕೊಳ್ಳುವವರೆಗೆ, 98 ವರ್ಷ ಬಾಳಿ, ತನ್ನ ಕೊನೆಯ ಹಲವು ವರ್ಷಗಳನ್ನು ಲಾಸ್ ಏಂಜಲೀಸಿನ ಮ್ಯಾಜಿಕ್ ಕ್ಯಾಸಲ್ ಎಂಬ ಮಂದಿರದಲ್ಲಿ ಕಿರಿಯರ ಆಟಗಳನ್ನು ನೋಡುತ್ತ, ತಿದ್ದುತ್ತ ಕಳೆದನು.

ಒಳ್ಳೆಯ ಯಕ್ಷಿಣಿಗಾರನು ಮಾಡುವುದು ಬಹಳ ಸರಳವಾದುದು. ಆಟ ಮುಗಿಯುವವರೆಗೆ ಬಾಯಿ ತೆರೆಯನು. ಎಲೆಯನ್ನು ಆರಿಸೆಂದರೆ ಆರಿಸುವನು, ಊದೆಂದರೆ ಊದುವನು. ಬೆರಗಾದಂತೆ ನಟಿಸುವುದೂ ಇಲ್ಲ. ಮಕ್ಕಳಿಗೆ ಸುಳ್ಳು ಬೆರಗು ಬೇಗ ತಿಳಿಯುವುದು. ಉಳಿದವರು ಅತ್ತ ಹೋದಮೇಲೆ, “ಎಷ್ಟು ದಿನವಾಯಿತು ಕಲಿತು? ಇನ್ನೊಂದು ಸಲ ಮಾಡು, ಈಗ ನಿಧಾನವಾಗಿ” ಎನ್ನುವನು. ಆಮೇಲೆ ಒಂದೇ ಒಂದು ತಪ್ಪನ್ನು ಹೇಳುವನು, ಹತ್ತನ್ನು ಹೇಳನು. ಅದು ಬಹುಮಟ್ಟಿಗೆ ಬೆರಳಿನದಾಗಿರದೆ ಕಣ್ಣಿನದಾಗಿರುವುದು: ಹುಡುಗಿಯು ತಾನು ನಾಣ್ಯವನ್ನು ಅಡಗಿಸಿದ ಕೈಯನ್ನೇ ನೋಡುತ್ತಿರುವಳು. ಬೆರಳಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡುವೆವು. ಪರದೇಶದ ಪುಸ್ತಕಗಳು ಹೇಳುವ ಅಮೆರಿಕದ ಅರ್ಧ ಡಾಲರು 30 ಮಿಲಿಮೀಟರಿಗೂ ಅಗಲವಾದುದು. ಚಿಕ್ಕ ಅಂಗೈಗೆ ಅದು ಒಗ್ಗದು. ನಮ್ಮ ಹತ್ತು ರೂಪಾಯಿಯ ನಾಣ್ಯವು 27 ಮಿಲಿಮೀಟರು. ಅದೇ ಸಾಕು.

ಯಕ್ಷಿಣಿಗಾರನು ಹೀಗೆ ಗುಟ್ಟನ್ನು ಬಲ್ಲವನಾದರೂ ಸುಮ್ಮನಿರುವುದು ಎಲ್ಲಿಯವರೆಗೆ ಸರಿ? ಇದು ಆಟವೆಂದು ಇಬ್ಬರೂ ಬಲ್ಲಲ್ಲಿಯವರೆಗೆ ಮಾತ್ರ. ಇದನ್ನು ನಮ್ಮ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆಯಲ್ಲಿ ಸರಳವಾಗಿ ಬಾಳಿ, 2005ರಲ್ಲಿ ತೀರಿಕೊಂಡ ಡಾಕ್ಟರ್ ಎಚ್. ನರಸಿಂಹಯ್ಯನವರ ಹೆಸರನ್ನು ಕೇಳದವರು ಇಲ್ಲಿ ಕಡಮೆ. ಜಯನಗರದಲ್ಲಿಯೂ ಅದೇ ಹೆಸರಿನ ಕಾಲೇಜು 1965ರಿಂದ ನಡೆಯುತ್ತಿದೆ. ಭೌತಶಾಸ್ತ್ರದ ಅಧ್ಯಾಪಕರಾದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೊಳಪಡಿಸಬಹುದಾದ ಮೂಢನಂಬಿಕೆಗಳನ್ನೂ ವಿಚಾರಿಸುವುದಕ್ಕಾಗಿ ಒಂದು ಸಮಿತಿಯನ್ನು ಏರ್ಪಡಿಸಿದರು. ಬರಿಗೈಯಿಂದ ವಿಭೂತಿಯನ್ನೂ ಉಂಗುರಗಳನ್ನೂ ಸೃಷ್ಟಿಸುವರೆಂದು ಭಕ್ತರು ನಂಬಿದ್ದ ಸತ್ಯಸಾಯಿಬಾಬಾರವರಿಗೆ, ಸಮಿತಿಯ ಮುಂದೆ ಅದನ್ನು ತೋರಿಸಬೇಕೆಂದು ಮೂರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಒಬ್ಬ ಚಿಕ್ಕ ಹುಡುಗನು ವಿಭೂತಿಯನ್ನು ಬರಿಸುವನೆಂದು ಜನರು ಮುತ್ತುತ್ತಿದ್ದರು. ಸಮಿತಿಯವರು ಹೋಗಿ ನೋಡಲಾಗಿ, ಬೂದಿಯು ಅವನ ಉಡುಪಿನೊಳಗೆ ಅಡಗಿದ್ದಿತು.

ಈ ಹುಡುಗನ ಸಂಗತಿಯನ್ನು ಓದಿದಾಗಲೆಲ್ಲ ನಮಗೆ ಸಂಕಟವಾಗುವುದು. ಅವನ ಕೈಯ ಕೆಲಸವೂ ನಮ್ಮ ಬಾಲಕಿಯ ನಾಣ್ಯದ ಕೆಲಸವೂ ಬೇರೆಯಲ್ಲ. ಹುಟ್ಟುಹಬ್ಬದ ಮನೆಯಲ್ಲಿ ಆಗಿದ್ದರೆ ಯಾವನಾದರೂ ಯಕ್ಷಿಣಿಗಾರನು, “ಭೇಷ್, ತೋಳನ್ನು ಇನ್ನೂ ಸಡಿಲ ಬಿಡು” ಎಂದು ಹೇಳಿ ತಲೆ ಸವರುತ್ತಿದ್ದನು. ಆದರೆ ಅದನ್ನು ಆಟವೆನ್ನದೆ ದೈವಶಕ್ತಿಯೆಂದು ಕರೆದು, ರೋಗಿಗಳನ್ನೂ ದುಃಖಿಗಳನ್ನೂ ಅಲ್ಲಿಗೆ ಬರಮಾಡಿದಮೇಲೆ, ಬಲ್ಲವರು ಸುಮ್ಮನಿರುವುದಕ್ಕೆ ಆಗುವುದಿಲ್ಲ. ಇದಕ್ಕೆ ವಿದ್ವತ್ತೊಂದೇ ಸಾಲದೆಂಬುದೂ ಗೊತ್ತಾಗಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ 1979ರಿಂದ ಇಬ್ಬರು ಹದಿಹರೆಯದ ಹವ್ಯಾಸಿ ಯಕ್ಷಿಣಿಗಾರರು, ಜೇಮ್ಸ್ ರ‍್ಯಾಂಡಿ ಎಂಬ ಹಿರಿಯ ಯಕ್ಷಿಣಿಗಾರನ ಸೂಚನೆಯಂತೆ, ಮನಶ್ಶಕ್ತಿಯಿಂದ ಚಮಚಗಳನ್ನು ಬಗ್ಗಿಸುವೆವೆಂದು ಹೇಳಿ ವಿಜ್ಞಾನಿಗಳನ್ನು ಬಹುಕಾಲ ನಂಬಿಸಿದರು. 1983ರಲ್ಲಿ ರ‍್ಯಾಂಡಿಯು ಅದನ್ನು ಬಯಲುಮಾಡಿದನು. ಇಸ್ಪೀಟಿನಲ್ಲಿ ಕಳೆದ ಸಂಜೆಗಳಿಗೂ ಒಂದು ಪ್ರಯೋಜನವುಂಟೆಂದಾಯಿತು. ನಮ್ಮ ರಾಜ್ಯದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ಹುಲಿಕಲ್ ನಟರಾಜರವರು ಊರೂರಿನಲ್ಲಿ ಇಂತಹ ಆಟಗಳನ್ನು ತಾವೇ ಮಾಡಿ, ಬಿಡಿಸಿ ತೋರಿಸುತ್ತಿರುವುದೂ ಇದೇ ಕಾರಣದಿಂದ.

ಇನ್ನು ಬಾಲಕಿಯರಿಗೇ ಸಂಬಂಧಪಟ್ಟ ಒಂದು ವಿಷಯ. ಆಟವನ್ನು ನೋಡುವವನು ಆಡುವವರ ಕೈಯನ್ನು ನೋಡಬೇಕೆಂದೆವು. ಲಂಡನ್ನಿನಲ್ಲಿ 1905ರಲ್ಲಿ ಸ್ಥಾಪಿತವಾದ ಮ್ಯಾಜಿಕ್ ಸರ್ಕಲ್ ಎಂಬ ಪ್ರಸಿದ್ಧ ಸಂಘವು, ಹೊಸಬರನ್ನು ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ನುರಿತವರ ಮುಂದೆ ಆಟವಾಡಿ ಒಪ್ಪಿಸಬೇಕು. ಆದರೆ 1991ರವರೆಗೆ ಹೆಂಗಸರಿಗೆ ಆ ಪರೀಕ್ಷೆಗೆ ನಿಲ್ಲುವುದಕ್ಕೇ ಅವಕಾಶವಿರಲಿಲ್ಲ. ಜೆನ್ನಿ ವಿನ್‌ಸ್ಟಾನ್ಲಿ ಎಂಬ ಯಕ್ಷಿಣಿಗಾರ್ತಿಗೆ ಇದು ಸಹಿಸಲಿಲ್ಲ. ಆಕೆಯು ಸೋಫಿ ಲಾಯ್ಡ್ ಎಂಬ ನಟಿಗೆ ಕೈಚಳಕವನ್ನು ಕಲಿಸಿ, ಗಂಡಸಿನ ವೇಷ ಹಾಕಿಸಿ, ರೇಮಂಡ್ ಲಾಯ್ಡ್ ಎಂಬ ಹೆಸರಿನಿಂದ 1991ರ ಮಾರ್ಚಿಯಲ್ಲಿ ಪರೀಕ್ಷೆಗೆ ನಿಲ್ಲಿಸಿದಳು. ಕೈಗಳು ಹೆಂಗಸಿನವೆಂದು ತಿಳಿದುಹೋಗುವುದೆಂಬ ಭಯದಿಂದ ಸೋಫಿಯು ಕೈಚೀಲಗಳನ್ನು ತೊಟ್ಟೇ ಆಡಬೇಕಾಯಿತು. ಬಟ್ಟೆಯೊಳಗಿನ ಬೆರಳುಗಳಿಂದ ಕೈಚಳಕವನ್ನು ಮಾಡುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಬಾಲಕಿಯರು ಒಮ್ಮೆ ಪ್ರಯತ್ನಿಸಿ ನೋಡಬಹುದು. ಪರೀಕ್ಷಕನು ಆಟವನ್ನು ಮೆಚ್ಚಿ ಅವಳನ್ನು ಉತ್ತೀರ್ಣಳನ್ನಾಗಿ ಮಾಡಿದನು.

ಅದೇ ವರ್ಷದ ಅಕ್ಟೋಬರಿನಲ್ಲಿ, ಸಂಘವು ಹೆಂಗಸರಿಗೆ ಬಾಗಿಲು ತೆರೆಯುತ್ತಿರುವಾಗ, ಇಬ್ಬರೂ ನಿಜವನ್ನು ಹೊರಗೆಡಹಿದರು. ವಂಚನೆ ಮಾಡಿದಳೆಂಬ ಕಾರಣದಿಂದ ಸಂಘವು ಸೋಫಿಯನ್ನು ಹೊರಗೆ ಹಾಕಿತು. ಕಣ್ಕಟ್ಟಿನವರ ಸಂಘವು ಒಬ್ಬಳನ್ನು ಕಣ್ಕಟ್ಟಿಗಾಗಿ ಹೊರಹಾಕಿದುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. ಮೂವತ್ತಮೂರು ವರ್ಷಗಳು ಕಳೆದಮೇಲೆ ಸಂಘದವರು ಅವಳನ್ನು ಹುಡುಕಿಸಿ, ಕ್ಷಮೆ ಬೇಡಿ, 2025ರ ಏಪ್ರಿಲಿನಲ್ಲಿ ಸದಸ್ಯತ್ವವನ್ನು ಹಿಂದಿರುಗಿಸಿದರು. ಆಟವನ್ನು ಕಲಿಸಿದ ಜೆನ್ನಿ ವಿನ್‌ಸ್ಟಾನ್ಲಿಯು 2004ರಲ್ಲಿಯೇ ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದಳು.